ಎರಡ ಬೆರಳು

ಗದಗಿನಿಂದ ಆಕಿ ಬಸ್ಸು ಐದೂ ನಲವತ್ತಕ್ಕ.
ಆಕಿ ಕಂಡಕ್ಟರು, ನಾನು ಬೆಟಗೇರ್ಯಾಗ ಟೇಲರು.
ಹಿಂಗಾಗಿ ನಾಲ್ಕೂವರಿಗೆ ಎದ್ದು ಗ್ಯಾಸು ಹಚ್ಚಾಂವ ನಾನಽ.

ಮೊದಲು ಕಪ್ಪಿಗೆ ಮೂರು ಚಮಚ ಸಕ್ರಿ ಬೀಳತಿತ್ತು.
ಮ್ಯಾಲ ಹುಲಕೋಟ್ಯಾಗೊಂದು ಚಾ, ಅಣ್ಣಿಗೇರ್ಯಾಗೊಂದು,
ಹುಬ್ಬಳ್ಳಿ ಸ್ಟ್ಯಾಂಡಿನಾಗ
ಡ್ರೈವರ್ ಬುಡ್ಡೇಸಾಬರ ಲೆಕ್ಕದಾಗ ಎರಡು.
ಮನಿಗೆ ಬಂದು ಕೊಡಾನಽ ಎತ್ತಿ ಕುಡ್ಯಾಕಿ.
'ಎಂಥಾ ನೀರಡಿಕಿ' ಅಂತಿದ್ಲು.
'ಬಿಸಲು ನೋಡ' ಅಂತಿದ್ದೆ.

ಮೈ ಇಳದದ್ದು ಮೊದಲು ಗೊತ್ತಾದದ್ದು
ಡಾಕ್ಟರಿಗಲ್ಲ, ನನ್ನ ಟೇಪಿಗೆ.
ಖಾಕಿ ಕುರ್ತಾದ ಹೊಲಿಗಿ ಬಿಚ್ಚಿ
ಎರಡ ಬೆರಳು ಒಳಗ ಹಿಡದೆ.
'ಸಾವಂತ್ರೀ, ಸಣ್ಣಾಗೀದಿ, ಚಂದಾಗೀದಿ' ಅಂದೆ.
ಆ ಮಾತು ಇನ್ನೂ ಗಂಟಲಾಗ
ಸೂಜಿ ಇದ್ದಂಗ ಐತಿ.

ಮುನ್ನೂರಾ ಹನ್ನೆರಡು.
ಬಸ್ಸಿನ ನಂಬರು ಓದಿಧಂಗ ಓದಿ
ಹಾಳಿ ಮಡಚಿ ಚೀಲದಾಗ ಇಟ್ಟಳು.
ಇನ್ನೊಂದು ಹಾಳಿ ಕೊಟ್ಟಿದ್ರು,
ಏನೇನು ತಿನಬಾರದು ಅಂತ. ಅದು ಉದ್ದ ಇತ್ತು.
ಏನು ತಿನಬೇಕು ಅನ್ನೂದು ಕೆಳಗ, ಎರಡಽ ಸಾಲು.
ಆ ಎರಡು ಸಾಲಿನ ತುಂಡು ಅರಿವ್ಯಾಗ
ದಿನಾ ಒಂದು ಅಂಗಿ ಹೊಲಿಯೂದು ನನ್ನ ಪಾಲಿಗೆ ಬಂತು.

ಅನ್ನದ ಬದಲಿ ನವಣಿ ಮಾಡಿದೆ.
ಮೊದಲನೇ ದಿನ 'ಗುಬ್ಬಿಗೆ ಹಾಕ್ರಿ' ಅಂದಳು.
ಎರಡನೇ ದಿನ ಸುಮ್ಮನ ಉಂಡಳು, ಅದು ಇನ್ನೂ ತ್ರಾಸಾತು.
ಮೂರನೇ ದಿನ ಬಳ್ಳೊಳ್ಳಿ ಒಗ್ಗರಣಿ ಜೋರು ಕೊಟ್ಟೆ,
ಸಂಜಿಗೆ ಡಬ್ಬಿ ತಳ ತೋರಿಸಿಗೋತ ಬಂತು.
ರೊಟ್ಟಿ ಎರಡು. ಮೂರನೇದಕ್ಕ ಕೈ ಹೋದ್ರ
ಹಕ್ಕರಕಿ ಕಟ್ಟು ಮುಂದ ಸರಸತೇನಿ,
'ನಾನೇನು ಎಮ್ಮೆನ?' ಅಂತಾಳ, ತಿಂತಾಳ.

ಮನ್ಯಾಗ ಒಂದಽ ಬೋಗಾಣಿ, ಒಂದಽ ಚಾ ಅಂತ
ನಾನೂ ಸಕ್ರಿ ಬಿಟ್ಟೆ.
ಸುಳ್ಳು ಯಾಕ, ಐದನೇ ದಿನ
ಓಣಿ ತುದಿ ಅಂಗಡ್ಯಾಗ ಕದ್ದು ಕುಡದೆ.
ಮೀಸ್ಯಾಗ ಯಾಲಕ್ಕಿ ವಾಸನಿ ಇತ್ತಂತ.
ಟಿಕೆಟ್ ಇಲ್ಲದಾಂವನ್ನ ಹಿಡದಂಗ ಹಿಡದಳು.

ಒಂದು ಸೋಮವಾರ ಅಂಗಡಿ ಬಾಗಲಾ ಹಾಕಿ
ಆಕಿ ಬಸ್ಸಿಗೇ ಹತ್ತಿದೆ. ನನಗೂ ಟಿಕೆಟ್ ಹರದಳು.
ಸ್ಟ್ಯಾಂಡ್ ಸ್ಟ್ಯಾಂಡಿಗೆ ಇಳದು ಚಾದಾಂವಗ ಹೇಳಿದೆ:
'ಕಂಡಕ್ಟರ್ ಬಾಯಿಗೆ ಎರಡ ಬೆರಳಷ್ಟಽ, ಸಕ್ರಿ ಇಲ್ಲದ್ದು.'
'ಊರೂರಿಗೆ ಡಂಗುರ ಹೊಡದು ಬಂದ್ರಿ' ಅಂತ
ಎರಡು ದಿನ ಮಾತು ಬಿಟ್ಟಳು.
ಡಬ್ಬಿ ಮಾತ್ರ ಒಯ್ದಳು.

ಆಮ್ಯಾಲ ಆ ಗುರುವಾರ.
ಗದ್ದಲಂದ್ರ ಗದ್ದಲ, ಗುಳಿಗಿ ತಗೊಂಡಿದ್ಲು,
ಡಬ್ಬಿ ತಗ್ಯಾಕ ಪುರಸೊತ್ತಾಗಿಲ್ಲ.
ನಲವಡಿ ದಾಟೂದ್ರಾಗ ಕೈ ನಡಗಾಕ ಹತ್ತಿ
ಹತ್ತರ ನೋಟಿಗೆ ನೂರರ ಚಿಲ್ಲರ ಕೊಟ್ಟಳಂತ.
ಯಾರೋ ಮುದುಕಿ, ಸಂತಿ ಚೀಲದಾಗಿನ ಬೆಲ್ಲ ಒಡದು
ಬಾಯಾಗ ಹಾಕಿದಳಂತ.
ಹೆಚ್ಚಿಗಿ ಕೊಟ್ಟ ಚಿಲ್ಲರ
ಕೈಯಿಂದ ಕೈಗೆ ಹಾದು ತಿರುಗಿ ಬಂತಂತ.
ನಗಕೋತ ಹೇಳಿದಳು.
ನಾನು ಮಷೀನಿನ ಗಾಲಿ ಹಿಡಕೊಂಡು ಕುಂತಿದ್ದೆ.

ಮರುದಿನ ಅಂಗಡಿಗೆ ಹೋಗಿ ಪಾವಕಿಲೋ ಸಕ್ರಿ ಕೇಳಿದೆ.
'ಏನ್ರೀ, ಮತ್ತ ಸುರು?' ಅಂದ ಅಂಗಡ್ಯಾಂವ.
ಆಕಿ ಕುರ್ತಾದ ಒಳಬದಿಗೆ
ಎರಡ ಬೆರಳು ಅಗಲದ ಕಿಸೆ ಹೊಲದೆ,
ಕಾಗದದಾಗ ಸಕ್ರಿ ಪೊಟ್ಟಣ ಕಟ್ಟಿ ಇಟ್ಟೆ.
ಒಂದು ವರ್ಷ ಮನಿಯಿಂದ ಹೊರಗ ದಬ್ಬಿದ್ದನ್ನ
ನನ್ನ ಕೈಯಾರೆ ಆಕಿ ಎದಿಗೆ ಹತ್ತಿಸಿ ಇಟ್ಟೆ.

ಈಗ ರಾತ್ರಿ ಇಸ್ತ್ರಿಗಿಂತ ಮೊದಲು
ಆ ಕಿಸೆ ಮುಟ್ಟಿ ನೋಡತೇನಿ.
ಆಕಿ ಅತ್ತಾಗ ಕುಂತು
ಬೆರಳ ತುದಿ ಚುಚ್ಚಿಗೋತಿರತಾಳ.
ನನ್ನ ಕಡೆ ನೋಡೂದಿಲ್ಲ, ನಾನೂ ಕೇಳೂದಿಲ್ಲ.
ಪೊಟ್ಟಣ ಐತಿ. ಕಟ್ಟಿದ ದಾರ ಬಿಚ್ಚಿಲ್ಲ.
ಚಾಕ್ಕ ಇಡತೇನಿ.